ಹತ್ತೊಂಬತ್ತನೇ ಕಂತಿನ ನಗು

ಲಾಂಡ್ರಿ ಅಕ್ಕ ಇರುವ ಕಡೆ ಗುಟ್ಟು ಮಾತಾಡಲು ಹೋಗಬಾರದು. ಅವಳು ಕೋಣೆಯ ಈ ಮೂಲೆಯಲ್ಲಿದ್ದು, ನೀವು ಆ ಮೂಲೆಯಲ್ಲಿ ಇನ್ನೊಬ್ಬರ ಕಿವಿಗೆ ಬಾಯಿ ಹಚ್ಚಿ ಪಿಸುಗುಟ್ಟಿದರೂ ಅವಳಿಗೆ ಗೊತ್ತಾಗಿಬಿಡುತ್ತದೆ. ಹಾಗಂತ ಅವಳ ಕಿವಿ ಚುರುಕೇನಲ್ಲ. ಮೂವತ್ತಾರು ವರ್ಷದ ಕೆಲಸ ಆ ಕಿವಿಗಳನ್ನು ಅರ್ಧ ತಿಂದುಹಾಕಿದೆ. ಅವಳು ಓದುವುದು ತುಟಿಯನ್ನು. ಒಮ್ಮೆ ನಾದಿನಿಯ ಮಗಳ ಮದುವೆ ಮಾತುಕತೆಗೆ ಹೋಗಿದ್ದಾಗ, ಗಂಡಿನ ಕಡೆಯ ಹೆಂಗಸೊಬ್ಬಳು ಹಜಾರದ ಆಚೆ ತುದಿಯಿಂದ ಪಕ್ಕದವಳಿಗೆ, "ಆ ಹೆಂಗಸಿನ ಕೈ ನೋಡೇ, ಮರದ ಹಲಗೆ ಇದ್ದಂಗಿದೆ" ಅಂದಳಂತೆ. ಅಕ್ಕ ಎದ್ದು ಸೀದಾ ಅವಳ ಮುಂದೆ ಹೋಗಿ ಕೈ ಚಾಚಿ, "ಹಲಗೆ ಅಲ್ಲ ಕಣಮ್ಮ, ಮುಟ್ಟಿ ನೋಡು" ಅಂದಳು. ಮದುವೆ ಹೇಗೋ ಆಯಿತು. ಆ ಹೆಂಗಸು ಮಾತ್ರ ಇವತ್ತಿಗೂ ಅಕ್ಕನನ್ನು ಕಂಡರೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡುತ್ತಾಳೆ.

ಈ ವಿದ್ಯೆ ಕಲಿಸಿದ್ದು ದೊಡ್ಡಾಸ್ಪತ್ರೆಯ ಲಾಂಡ್ರಿ. ನೆಲಮಾಳಿಗೆಯಲ್ಲಿ ಉದ್ದನೆಯ ಒಂದು ಹಾಲ್. ಒಂದು ಗೋಡೆಗೆ ಒಗೆಯುವ ಯಂತ್ರಗಳು, ಎದುರು ಗೋಡೆಗೆ ಒಣಗಿಸುವ ಯಂತ್ರಗಳು, ನಡುವೆ ಹಬೆಯಲ್ಲಿ ಕಾದ ಉರುಳೆಗಳ ಇಸ್ತ್ರಿ ಯಂತ್ರ. ಈ ಕಡೆ ಇಬ್ಬರು ಒದ್ದೆ ಬೆಡ್‌ಶೀಟಿನ ಎರಡು ಮೂಲೆ ಹಿಡಿದು ಒಳಗೆ ಬಿಡಬೇಕು, ಆ ಕಡೆ ಇಬ್ಬರು ಬಿಸಿಬಿಸಿಯಾಗಿ ಹೊರಬಂದದ್ದನ್ನು ಹಿಡಿದು ಮಡಿಸಬೇಕು. ಎಲ್ಲ ಯಂತ್ರಗಳೂ ಓಡುವಾಗ ಪಕ್ಕದವಳ ಕಿವಿಯಲ್ಲಿ ಕಿರುಚಿದರೂ ಕೇಳುವುದಿಲ್ಲ. ಆದ್ದರಿಂದ ಅಲ್ಲಿಯ ಹೆಂಗಸರು ಕಿರುಚುವುದನ್ನು ಬಿಟ್ಟು ದನಿಯಿಲ್ಲದೆ ತುಟಿಯಲ್ಲೇ ಮಾತಾಡುತ್ತಾರೆ. ಸೊಸೆಯ ಮೇಲಿನ ದೂರು, ಸಾರಿಗೆ ಉಪ್ಪು ಹೆಚ್ಚಾದದ್ದು, ಹಿಂದೆ ಬಂದು ನಿಂತ ಸೂಪರ್‌ವೈಸರನ ವಂಶಾವಳಿ, ಎಲ್ಲವೂ ತುಟಿಯಲ್ಲೇ. ಸೂಪರ್‌ವೈಸರು ಪಾಪ, ತನ್ನ ವಿಭಾಗದ ಹೆಂಗಸರಷ್ಟು ಬಾಯಿ ಮುಚ್ಚಿ ಕೆಲಸ ಮಾಡುವವರು ಆಸ್ಪತ್ರೆಯಲ್ಲೇ ಇಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದ.

ಮಾತಿಗೆ ತುಟಿ ಸಾಕು, ನಗುವಿಗೆ ಸಾಲದು. ಯಂತ್ರದ ಆಚೆ ನಿಂತವಳಿಗೆ ಮುಟ್ಟಬೇಕಾದರೆ ನಗುವನ್ನು ಹೊಟ್ಟೆಯಿಂದ ಎತ್ತಿ ಎಸೆಯಬೇಕು. ಅಕ್ಕನ ನಗು ಅಲ್ಲಿ ತಯಾರಾದದ್ದು. ಮೊದಲು ಬಾಗಿಲು ಒದ್ದ ಹಾಗೆ ಒಂದು 'ಹಾ'. ಅದರ ಹಿಂದೆ ಸಾಲಾಗಿ ನಾಲ್ಕು. ಕೊನೆಗೆ ಉಸಿರು ಒಳಗೆಳೆಯುವಾಗ ಸಣ್ಣದೊಂದು ಕೀರಲು. ನೆಲಮಾಳಿಗೆಯಲ್ಲಿ ಅದು ಯಾರಿಗೂ ಹೆಚ್ಚೆನಿಸುತ್ತಿರಲಿಲ್ಲ. ಮೇಲೆ ಬಂದಾಗಲೇ ತೊಂದರೆ.

ಅವಳು ಮದುವೆಯಾದದ್ದು ಲೆಕ್ಕದ ಮೇಷ್ಟ್ರನ್ನು. ಒಳ್ಳೆಯವರೇ, ದುಶ್ಚಟ ಒಂದೂ ಇಲ್ಲ, ಸಂಜೆ ಐದೂವರೆಗೆ ಮನೆಯಲ್ಲಿರುತ್ತಿದ್ದರು. ಎಲ್ಲದಕ್ಕೂ ಒಂದು ಅಳತೆ ಇರಬೇಕು ಎನ್ನುವವರು. ಹೆಂಡತಿಯ ನಗುವಿಗೆ ಯಾವ ಅಳತೆಯೂ ಹೊಂದುತ್ತಿರಲಿಲ್ಲ. ಅತ್ತೆಯದು ಇನ್ನೂ ಸಲೀಸು. "ನಗೋ ಹೆಂಗಸನ್ನ, ಅಳೋ ಗಂಡಸನ್ನ ನಂಬಬಾರದು" ಎಂಬ ಗಾದೆಯನ್ನು ದಿನಕ್ಕೊಮ್ಮೆ, ಒಗ್ಗರಣೆ ಹಾಕುವಾಗಲೋ ಬಾಚಿಕೊಳ್ಳುವಾಗಲೋ, ಗೋಡೆಗೆ ಹೇಳುವವರಂತೆ ಹೇಳಿಬಿಡುತ್ತಿದ್ದರು.

ಮದುವೆಯಾದ ವರ್ಷವೇ ಟಿ.ವಿ.ಯಲ್ಲಿ 'ಮೆಟ್ಟಿಲಲ್ಲೇ ಬನ್ನಿ' ಶುರುವಾದದ್ದು. ಗುರುವಾರ ಸಂಜೆ ಏಳಕ್ಕೆ, ಅರ್ಧ ಗಂಟೆ. ಅಂಥ ದೊಡ್ಡ ಕಥೆಯೇನೂ ಇಲ್ಲ. ಐದು ಮಹಡಿಯ ಒಂದು ಕಟ್ಟಡ, ಮೊದಲ ಕಂತಿನಿಂದಲೂ ಕೆಟ್ಟು ನಿಂತ ಲಿಫ್ಟು, ಹತ್ತಿ ಇಳಿಯುವ ಬಾಡಿಗೆದಾರರು. ಐದನೇ ಮಹಡಿಯ ನಿವೃತ್ತ ಜಡ್ಜು ಪ್ರತಿ ತಿರುವಿನಲ್ಲೂ ಏದುಸಿರು ಬಿಡುತ್ತ ಯಾರನ್ನಾದರೂ ವಿಚಾರಣೆ ಮಾಡುತ್ತಾನೆ. ಮಾತು ಬಿಟ್ಟ ಅಕ್ಕತಂಗಿಯರಿಬ್ಬರು ಮೆಟ್ಟಿಲ ಮೇಲೆ ಎದುರಾದಾಗಲೆಲ್ಲ ಕಂಬಿಗೆ ಮಾತಾಡುತ್ತಾರೆ. ಪ್ರತಿ ಕಂತಿನಲ್ಲೂ ಒಮ್ಮೆ ಲಿಫ್ಟ್ ರಿಪೇರಿಯವನು ಬರುತ್ತಾನೆ. ಬಾಗಿಲು ತೆರೆದು ತಲೆ ಒಳಗೆ ತೂರಿಸುತ್ತಾನೆ, ಸ್ಪ್ಯಾನರಿನಿಂದ ಎರಡು ಸಲ ಬಡಿಯುತ್ತಾನೆ, ತಲೆ ಹೊರಗೆ ತೆಗೆಯುತ್ತಾನೆ. ಜಡ್ಜು, "ಏನ್ರೀ, ಏನಾಯ್ತು?" ಅನ್ನುತ್ತಾನೆ. ರಿಪೇರಿಯವನು ಕೈ ಒರೆಸಿಕೊಂಡು, "ಪಾರ್ಟ್ ಬರ್ಬೇಕು" ಎಂದು ಹೇಳಿ ಹೊರಟುಹೋಗುತ್ತಾನೆ. ಇಡೀ ಧಾರಾವಾಹಿಯಲ್ಲಿ ಅವನಿಗೆ ಇರುವುದು ಆ ಎರಡೇ ಪದ.

ಅಕ್ಕ ಅದಕ್ಕೆ ಮರುಳಾದಳು. ಹೆಚ್ಚು ಜನ ಆಗಲಿಲ್ಲ ಎಂಬುದೂ ನಿಜ. ಚಾನಲ್ಲಿನವರು ಅದನ್ನು ಇಪ್ಪತ್ತಾರು ಕಂತಿಗೇ ನಿಲ್ಲಿಸಿ, ಆ ಟೇಪುಗಳ ಮೇಲೆ ಬೇರೇನನ್ನೋ ರೆಕಾರ್ಡ್ ಮಾಡಿ ಕೈತೊಳೆದುಕೊಂಡರು. ಅಕ್ಕ ಮಾತ್ರ ತವರಿನವರು ಕೊಟ್ಟ ವಿ.ಸಿ.ಆರ್.ನಲ್ಲಿ ಒಂದೂ ಬಿಡದೆ ಹಿಡಿದಿಟ್ಟಿದ್ದಳು. ಅವಳಿಗೆ ಅದು ಯಾಕೆ ಅಷ್ಟು ಹಿಡಿಸಿತು ಎಂದು ಕೇಳಿದರೆ, "ಕೆಟ್ಟಿದ್ದು ಕೆಟ್ಟೇ ಇರುತ್ತೆ, ಜನ ಹತ್ತಿ ಇಳೀತಾನೇ ಇರ್ತಾರೆ. ನಮ್ಮನೇನೂ ಹಂಗೇ ಅಲ್ವಾ?" ಅನ್ನುತ್ತಾಳೆ.

ಹತ್ತೊಂಬತ್ತನೇ ಕಂತಿಗೆ ಪ್ರೇಕ್ಷಕರಾಗಿ ಕೂರಲು ಅವಳಿಗೆ ಎರಡು ಪಾಸು ಸಿಕ್ಕಿತು. ಕಾಲು ಮುರಿದು ವಾರ್ಡಿನಲ್ಲಿ ಮಲಗಿದ್ದ ಚಾನಲ್ಲಿನ ನೌಕರನೊಬ್ಬ, ದಿನಾ ಒಗೆದ ದಿಂಬಿನ ಕವರು ಕಳಿಸಿದಳೆಂದು ಕೊಟ್ಟದ್ದು. ಅವಳಿಗಾಗ ಇಪ್ಪತ್ತನಾಲ್ಕು. ಮೇಷ್ಟ್ರನ್ನು ಕಾಡಿ ಬೇಡಿ ಕರೆದುಕೊಂಡು ಹೋದಳು. ಮೂರನೇ ಸಾಲಿನ ಎಡತುದಿಯ ಎರಡು ಕುರ್ಚಿ. ಮುಂದೆ ರಟ್ಟಿನ ಮೆಟ್ಟಿಲು, ರಟ್ಟಿನ ಲಿಫ್ಟು. ಅಲ್ಲಿ ಕೂತಾಗ ಅಕ್ಕನಿಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಅವಳೇ ಹೇಳಿದ್ದು, ಮೇಷ್ಟ್ರ ಎದುರಿಗೇ.

ರಿಪೇರಿಯವನು ಬಂದ, ತಲೆ ತೂರಿಸಿದ, ಬಡಿದ, ತಲೆ ತೆಗೆದ. ಜಡ್ಜು, "ಏನ್ರೀ, ಏನಾಯ್ತು?" ಅಂದ. ಅವನಿಂದ ಉತ್ತರ ಬರಲಿಲ್ಲ. ಕ್ಯಾಮೆರಾಕ್ಕೆ ಕಾಣುತ್ತಿದ್ದದ್ದು ಅವನ ಹಿಂದಲೆ ಮತ್ತು ಒಂದು ಕಿವಿ. ಎಡತುದಿಯಲ್ಲಿದ್ದ ಅಕ್ಕನಿಗೆ ಮುಖವೆಲ್ಲ ಕಾಣುತ್ತಿತ್ತು. ಅವನ ತುಟಿ ದನಿಯಿಲ್ಲದೆ ಅಲ್ಲಾಡಿತು. "ಅಯ್ಯೋ ದೇವರೇ, ನನ್ನ ಮಾತೇನು?"

ಹದಿನೆಂಟು ವಾರ ಹೇಳಿದ ಎರಡು ಪದವನ್ನು ಆ ಮಹಾನುಭಾವ ಮರೆತಿದ್ದ! ಸೂಜಿ ಬಿದ್ದರೂ ಕೇಳುವಂಥ ಆ ಮೌನದಲ್ಲಿ ಅಕ್ಕನ ನಗು ಸಿಡಿಯಿತು. ಬಾಗಿಲು ಒದ್ದ 'ಹಾ', ಸಾಲು ನಾಲ್ಕು, ಕೊನೆಯ ಕೀರಲು. ಆ ಸದ್ದಿಗೆ ಬೆಚ್ಚಿಬಿದ್ದ ರಿಪೇರಿಯವನಿಗೆ ಮಾತು ನೆನಪಾಗಿ, "ಪಾರ್ಟ್ ಬರ್ಬೇಕು" ಅಂದ. ಆಗ ಎಲ್ಲರೂ ನಕ್ಕರು.

ದೃಶ್ಯ ಮುಗಿದದ್ದೇ ತಡ, ಕೈಯಲ್ಲಿ ಕಾಗದ ಹಿಡಿದ ಒಬ್ಬ ಧಾಪುಗಾಲು ಹಾಕುತ್ತ ಬಂದು, "ಯಾರ್ರೀ ಅದು? ಎಲ್ಲರೂ ನಕ್ಕಾಗ ನಗಿ, ಇಲ್ಲಾಂದ್ರೆ ಎದ್ದು ಹೋಗಿ" ಅಂದ. ಮೇಷ್ಟ್ರು ಎದ್ದರು. ಹೆಂಡತಿಯ ಕಡೆ ನೋಡದೆ ಬಾಗಿಲಿನತ್ತ ನಡೆದರು. ಅಕ್ಕ ಮೂರು ಹೆಜ್ಜೆ ಹಿಂದೆ ತಲೆ ತಗ್ಗಿಸಿ ನಡೆದಳು. ಮನೆಗೆ ಬಂದು ಚಪ್ಪಲಿ ಬಿಡುತ್ತ ಮೇಷ್ಟ್ರು, "ಅಷ್ಟು ಜನರ ಮುಂದೆ ನನ್ನ ಮಾನ ಹರಾಜು ಹಾಕಿದೆ" ಅಂದರು.

ಚಾನಲ್ಲಿನವರಿಗೆ ಆ ದೃಶ್ಯವನ್ನು ಮತ್ತೆ ತೆಗೆಯುವಷ್ಟು ಪುರುಸೊತ್ತಿರಲಿಲ್ಲ. ಅದು ಹಾಗೇ ಪ್ರಸಾರವಾಯಿತು. ಸೆಕೆಯ ದಿನ, ಬೀದಿಯ ಕಿಟಕಿಗಳೆಲ್ಲ ತೆರೆದಿದ್ದವು. ಸರಿಯಾಗಿ ಆ ಗಳಿಗೆಗೆ, ಟಿ.ವಿ. ಹಾಕಿದ್ದ ಮನೆಗಳಿಂದೆಲ್ಲ ಅಕ್ಕನ ನಗು ಒಟ್ಟಿಗೆ ಬೀದಿಗೆ ಬಂತು. ಅವಳು ಬಾಯಿ ಬಿಟ್ಟುಕೊಂಡು ಕೇಳುತ್ತ ಕೂತಳು. ಮೇಷ್ಟ್ರು ಎದ್ದು ಕಿಟಕಿ ಮುಚ್ಚಿದರು.

"ಅದು ನೀನು ಅಂತ ಯಾರಿಗೂ ಹೇಳಕೂಡದು. ಮಾತು ಕೊಡು."

ಕೊಟ್ಟಳು. ಅಂದಿನಿಂದ ಮನೆಯಲ್ಲಿ ನಗು ಬಂದಾಗಲೆಲ್ಲ ಅವಳ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಬಾಯಿ ತುಂಬ ನಗಲು ನೆಲಮಾಳಿಗೆ ಇತ್ತು, ಹೇಗೋ ಉಸಿರು ಕಟ್ಟಲಿಲ್ಲ. ಗಂಡನ ಮಾನ ಉಳಿಯಿತು, ಅತ್ತೆಯ ಗಾದೆ ಉಳಿಯಿತು. ಇಂಥ ಉಳಿತಾಯಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಕ್ಕನಿಗೂ ಉರಿಯುತ್ತಿತ್ತು, ಹೇಳಿಕೊಳ್ಳುತ್ತಿರಲಿಲ್ಲ ಅಷ್ಟೆ.

ಸತ್ತುಹೋದ ಧಾರಾವಾಹಿಗೂ ನೆಂಟರಿರುತ್ತಾರೆ ಎಂದು ಅವಳಿಗೆ ತಿಳಿದದ್ದು ಇಪ್ಪತ್ತು ವರ್ಷ ಕಳೆದ ಮೇಲೆ. ಲಾಂಡ್ರಿಯಲ್ಲಿ ಕೋಟುಗಳನ್ನು ಯಂತ್ರಕ್ಕೆ ಹಾಕುವ ಮುಂಚೆ ಜೇಬು ತಡಕಬೇಕು; ಪೆನ್ನೊಂದು ಉಳಿದರೂ ಇಡೀ ರಾಶಿ ನೀಲಿಯಾಗುತ್ತದೆ. ಒಂದು ದಿನ ಹಲ್ಲಿನ ಡಾಕ್ಟರ ಬಿಳಿ ಕೋಟಿನ ಜೇಬಿನಲ್ಲಿ ತಗಡಿನ ಬಿಲ್ಲೆ ಸಿಕ್ಕಿತು. ಅದರ ಮೇಲೆ 'ಪಾರ್ಟ್ ಬರ್ಬೇಕು' ಎಂದು ಬರೆದಿತ್ತು. ಅಕ್ಕ ಇಸ್ತ್ರಿಯಾದ ಕೋಟನ್ನು ತಾನೇ ಮೇಲಕ್ಕೆ ಒಯ್ದು, ಬಿಲ್ಲೆ ಮುಂದಿಟ್ಟು, "ಡಾಕ್ಟ್ರೇ, ಪಾರ್ಟ್ ಬಂದಿದೆ" ಅಂದಳು. ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ ರೋಗಿಯನ್ನು ಹಾಗೇ ಬಿಟ್ಟು ಡಾಕ್ಟರು ಎದ್ದು ನಿಂತರು.

ಹೀಗೆ ಅವಳು 'ಮೆಟ್ಟಿಲು ಬಳಗ'ಕ್ಕೆ ಸೇರಿದಳು. ನಲವತ್ತು ಜನ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಡಾಕ್ಟರ ಸ್ವಂತ ಕ್ಲಿನಿಕ್ಕಿನಲ್ಲಿ, ಹುಳುಕು ಹಲ್ಲಿನ ಚಿತ್ರಗಳ ನಡುವೆ, ಅಕ್ಕನ ಕ್ಯಾಸೆಟ್ಟುಗಳಿಂದ ಒಂದು ಕಂತು ನೋಡುತ್ತಾರೆ. ಕ್ಲಿನಿಕ್ಕು ಮೂರನೇ ಮಹಡಿಯಲ್ಲಿದೆ, ಲಿಫ್ಟೂ ಚೆನ್ನಾಗಿದೆ. ಆದರೆ ಬಳಗದವರು ಯಾರೂ ಲಿಫ್ಟ್ ಹತ್ತುವಂತಿಲ್ಲ. ಮಂಡಿನೋವಿನವರು ಮೆಟ್ಟಿಲಿಗೊಂದು ಬೈಗುಳ ಬೈಯುತ್ತ ಹತ್ತುತ್ತಾರೆ. ಮನೆಯವರು, "ಈ ವಯಸ್ಸಲ್ಲಿ ಇದೇನು ಹುಚ್ಚು?" ಎಂದರೆ, "ಹುಚ್ಚಿಗೆ ವಯಸ್ಸಿನ ಮಿತಿ ಎಲ್ಲಿ ಬರೆದಿದೆ, ತೋರ್ಸಿ" ಎನ್ನುವ ಜನ.

ಬಳಗದ ಇನ್ನೊಂದು ಪದ್ಧತಿ ಹತ್ತೊಂಬತ್ತನೇ ಕಂತಿನದು. ರಿಪೇರಿಯವನು ಸುಮ್ಮನೆ ನಿಲ್ಲುವ ಆ ಜಾಗ ಬಂದಾಗ ಆ ಹೆಂಗಸಿನ ಜೊತೆ ಎಲ್ಲರೂ ಹಾಗೇ ನಗಬೇಕು, ಕೊನೆಯ ಕೀರಲಿನ ಸಮೇತ. ಅದಕ್ಕೆ 'ಒಂಟಿ ನಗು' ಎಂದು ಹೆಸರು. ಅವಳು ಯಾರು, ಯಾಕೆ ಅಲ್ಲಿ ನಕ್ಕಳು ಎಂಬುದಕ್ಕೆ ತಲೆಗೊಂದು ವಾದ. ನಿರ್ಮಾಪಕನ ಹೆಂಡತಿ ಎಂದು ಒಬ್ಬರು. ತಲೆ ಕೆಟ್ಟವಳು ಎಂದು ಇನ್ನೊಬ್ಬರು. ಯಾರೂ ನಕ್ಕೇ ಇಲ್ಲ, ಯಂತ್ರದ ದೋಷ ಎಂದು ಮತ್ತೊಬ್ಬರು. ರಿಪೇರಿಯವನ ಪಾತ್ರಧಾರಿಯಂತೂ ಆಮೇಲೆ ಸಿಕ್ಕಸಿಕ್ಕ ಪತ್ರಿಕೆಗಳಿಗೆಲ್ಲ, "ಆ ಮೌನ ನನ್ನದೇ ಕಲ್ಪನೆ, ಹಾಸ್ಯದಲ್ಲಿ ವಿರಾಮವೇ ಪ್ರಾಣ" ಎಂದು ಹೇಳಿ ದೊಡ್ಡ ನಟನೆನಿಸಿಕೊಂಡಿದ್ದ.

ಅಕ್ಕ ಇದನ್ನೆಲ್ಲ ಕೇಳಿಕೊಂಡು ಹಿಂದಿನ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ನಲವತ್ತು ಜನ ಅವಳ ನಗುವನ್ನು ನಗುವಾಗ ಅವಳೊಬ್ಬಳು ಬಾಯಿಗೆ ಕೈ ಇಟ್ಟುಕೊಂಡಿರುತ್ತಿದ್ದಳು.

"ಅಕ್ಕ, ನೀವ್ಯಾಕೆ ನಗಲ್ಲ?" ಎಂದು ಡಾಕ್ಟರು ಕೇಳಿದರೆ, "ನಂಗೆ ಸರಿಯಾಗಿ ಬರಲ್ಲ ಡಾಕ್ಟ್ರೇ" ಅನ್ನುತ್ತಿದ್ದಳು.

"ಅಷ್ಟೇನಾ? ಬನ್ನಿ, ಹೇಳ್ಕೊಡ್ತೀನಿ. ಮೊದಲು ಜೋರಾಗಿ 'ಹಾ'. ಉಸಿರು ಹಿಡೀಬೇಡಿ."

ಪಾಪ, ಎರಡು ಭಾನುವಾರ ಹೇಳಿಕೊಟ್ಟರು. ಆಮೇಲೆ ಈಕೆಗೆ ಬರುವುದಿಲ್ಲ ಎಂದು ಕೈಬಿಟ್ಟರು.

ಈ ವರ್ಷ ಹೊಸ ಕಂಪನಿಯೊಂದು ಆ ಚಾನಲ್ಲಿನ ಹಳೆಯ ಸರಕನ್ನೆಲ್ಲ ಕೊಂಡು, 'ಮೆಟ್ಟಿಲಲ್ಲೇ ಬನ್ನಿ'ಯನ್ನು ಮೊಬೈಲಿನಲ್ಲಿ ಬಿಡುತ್ತೇವೆ ಎಂದಿತು. ಅವರ ಹತ್ತಿರ ಟೇಪುಗಳೇ ಇರಲಿಲ್ಲವಲ್ಲ, ಬಳಗದ ಬಾಗಿಲಿಗೆ ಬಂದರು. ಅಕ್ಕ ಇಪ್ಪತ್ತಾರು ಕ್ಯಾಸೆಟ್ಟುಗಳನ್ನೂ ದಿಂಬಿನ ಕವರಿನಲ್ಲಿ ಸುತ್ತಿ ಡಾಕ್ಟರ ಕೈಗೆ ಕೊಟ್ಟಳು. ಮೂರು ತಿಂಗಳ ಮೇಲೆ ಕಂಪನಿಯ ಪತ್ರ ಬಂತು. ಡಾಕ್ಟರು ಎದ್ದು ನಿಂತು ಓದಿದರು. ಧನ್ಯವಾದ, ವಿಶೇಷ ಪ್ರದರ್ಶನಕ್ಕೆ ಬಳಗಕ್ಕೆಲ್ಲ ಆಹ್ವಾನ, ರಿಪೇರಿಯವನ ಪಾತ್ರಧಾರಿಯೇ ಮುಖ್ಯ ಅತಿಥಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಯಲ್ಲಿ ಒಂದು ಸಾಲು: 'ಧ್ವನಿಯನ್ನು ಶುದ್ಧಗೊಳಿಸಲಾಗಿದ್ದು, ಹತ್ತೊಂಬತ್ತನೇ ಕಂತಿನಲ್ಲಿ ಪ್ರೇಕ್ಷಕರೊಬ್ಬರ ಅಕಾಲಿಕ ನಗುವನ್ನು ತೆಗೆದುಹಾಕಲಾಗಿದೆ.'

ಒಬ್ಬರು ಗೊಣಗಿದರು, ಇನ್ನೊಬ್ಬರು ನಿಟ್ಟುಸಿರಿಟ್ಟರು.

"ಏನ್ಮಾಡೋದು, ಅಷ್ಟಾದ್ರೂ ಬರ್ತಿದೆಯಲ್ಲ. ಜಗಳ ಮಾಡಿದ್ರೆ ಅದೂ ತಪ್ಪೀತು" ಎಂದರು ಡಾಕ್ಟರು.

ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ. ಅಕ್ಕನದೇ ಕ್ಯಾಸೆಟ್ಟು ತೆಗೆದುಕೊಂಡು ಹೋಗಿ, ಅದರೊಳಗಿಂದ ಅವಳನ್ನೇ ಒಗೆದು ತೆಗೆದಿದ್ದಾರೆ.

ಮನೆಯಲ್ಲಿ ವಿಷಯ ತಿಳಿದಾಗ ಮೇಷ್ಟ್ರ ಮುಖ ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಹಗುರಾಯಿತು.

"ಸದ್ಯ, ಪೀಡೆ ತೊಲಗ್ತು."

ಅಕ್ಕ ಬಟ್ಟೆ ಮಡಿಸುತ್ತಿದ್ದಳು. ಕೈ ನಿಂತಿತು. "ಯಾವ ಪೀಡೆ ರೀ?"

"ಅದೇ. ನಿಂಗೊತ್ತಲ್ಲ."

"ಗೊತ್ತು. ನಿಮ್ ಬಾಯಿಂದ ಕೇಳ್ಬೇಕು. ಯಾವ ಪೀಡೆ?"

"ಈಗ ಯಾಕದೆಲ್ಲ? ತಪ್ಪಾಗಿತ್ತು, ಸರಿ ಮಾಡಿದಾರೆ. ಲೆಕ್ಕ ತಪ್ಪಿದ್ರೆ ಅಳಿಸಿ ಬರೀತೀವಪ್ಪ, ಇಟ್ಕೊಂಡು ಪೂಜೆ ಮಾಡ್ತೀವಾ?"

"ನಾನು ಲೆಕ್ಕ ಅಲ್ಲ" ಎಂದಳು ಅಕ್ಕ. "ಇಡೀ ಜನ್ಮದಲ್ಲಿ ನಾಲ್ಕು ಜನರ ಮುಂದೆ ಒಂದ್ಸಲ ಬಾಯಿ ತುಂಬ ನಕ್ಕಿದೀನಿ. ಅದು ಉಳಿದಿದ್ದು ಅಲ್ಲೊಂದೇ ಕಡೆ."

"ಪ್ರದರ್ಶನಕ್ಕೆ ಹೋಗಿ ಏನಾದ್ರೂ ರಂಪ ಮಾಡೋ ಯೋಚನೆ ಇದ್ರೆ ಹೋಗೋದೇ ಬೇಡ. ನೀನು ನಂಗೆ ಮಾತು ಕೊಟ್ಟಿದೀಯ."

"ಹೋಗ್ತೀನಿ. ಬೇಕಾದ್ರೆ ನೀವೂ ಬನ್ನಿ."

ಮೇಷ್ಟ್ರು ಬಂದರು, ಕಾವಲಿಗೆ.

ಕಂಪನಿಯ ಆಫೀಸು ಗಾಜಿನ ಕಟ್ಟಡದ ಐದನೇ ಮಹಡಿಯಲ್ಲಿತ್ತು. ಲಿಫ್ಟಿನ ಬಾಗಿಲಲ್ಲಿ ಸ್ವಾಗತಕ್ಕೆ ನಿಂತವರನ್ನು ದಾಟಿ ಬಳಗದ ನಲವತ್ತೂ ಜನ ಮೆಟ್ಟಿಲು ಹತ್ತಿದರು. ಮೇಷ್ಟ್ರು ಲಿಫ್ಟಿನಲ್ಲಿ ಹೋದರು. ಎಂಬತ್ತೊಂದು ವರ್ಷದ ರಿಪೇರಿಯವನೂ ಲಿಫ್ಟಿನಲ್ಲೇ ಬಂದ. ಅದನ್ನು ಬಳಗ ಕ್ಷಮಿಸಿತು. ಅಕ್ಕ ಹುಡುಕಿಕೊಂಡು ಹೋಗಿ ಮೂರನೇ ಸಾಲಿನ ಎಡತುದಿಯಲ್ಲಿ ಕೂತಳು, ಪಕ್ಕದಲ್ಲಿ ಮೇಷ್ಟ್ರು.

ಕಂತು ಶುರುವಾಯಿತು. ಬಣ್ಣ ತೊಳೆದಿಟ್ಟಂತಿತ್ತು. ಜಡ್ಜು, "ಏನ್ರೀ, ಏನಾಯ್ತು?" ಅಂದ. ಬಳಗದವರೆಲ್ಲ ಅಭ್ಯಾಸಬಲದಿಂದ ಉಸಿರು ಎಳೆದುಕೊಂಡರು. ತೆರೆಯ ಮೇಲೆ ಬರೀ ಮೌನ. "ಪಾರ್ಟ್ ಬರ್ಬೇಕು." ಎಳೆದ ಉಸಿರನ್ನು ಎಲ್ಲಿ ಬಿಡಬೇಕೆಂದು ತಿಳಿಯದೆ ನಲವತ್ತು ಜನ ಕೆಮ್ಮು ನುಂಗಿದವರಂತೆ ಕೂತರು. ಒಬ್ಬರೂ ಏಳಲಿಲ್ಲ. ದೀಪ ಹತ್ತಿದಾಗ ಅಕ್ಕ ಎದ್ದಳು.

"ಸ್ವಾಮಿ, ಅಲ್ಲೊಂದು ನಗು ಇತ್ತು."

ಕಂಪನಿಯ ಸೌಂಡ್ ಎಂಜಿನಿಯರು, ಬೋಳುತಲೆಯ ಸೌಮ್ಯ ಮನುಷ್ಯ, ಮೈಕು ಹಿಡಿದು ವಿನಯದಿಂದಲೇ ಹೇಳಿದ. "ಇತ್ತಮ್ಮ, ತೆಗೆದ್ವಿ. ಯಾರೋ ತಪ್ಪಿ ನಕ್ಕಿದ್ದು ಅದು."

"ಯಾರೋ ಅಲ್ಲ. ನಾನು."

ಮೇಷ್ಟ್ರು ತೋಳು ಹಿಡಿದು ಜಗ್ಗಿದರು. "ಕೂತ್ಕೊಳ್ಳೇ. ಮಾತು ಕೊಟ್ಟಿದ್ದೆ ನೀನು."

"ಕೊಟ್ಟಿದ್ದೆ. ಇವತ್ತು ವಾಪಸ್ ತಗೊಂಡೆ" ಎಂದು ಅಕ್ಕ ಕೈ ಕೊಡವಿಕೊಂಡಳು.

ಹಲ್ಲಿನ ಡಾಕ್ಟರು ಅರ್ಧ ಎದ್ದು ಅರ್ಧದಲ್ಲೇ ನಿಂತಿದ್ದರು. "ಅಕ್ಕಾ, ನೀವಾ? ಮತ್ತೆ ನಾನು ಎರಡು ಭಾನುವಾರ ನಿಮಗೇ..."

"ಹೌದು ಡಾಕ್ಟ್ರೇ. ಚೆನ್ನಾಗೇ ಹೇಳ್ಕೊಟ್ರಿ."

"ನೀವೇ ಆಗಿದ್ರೆ ಹೇಳಿ, ಅಲ್ಲಿ ಯಾಕೆ ನಕ್ಕಿರಿ?" ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಬಳಗ ತಿರುಗಿ ನೋಡಿತು. ಅಷ್ಟು ವರ್ಷದ ವಾದ ಅದು. ಅಕ್ಕ ವೇದಿಕೆಯ ಮೇಲಿನ ಮುದುಕನನ್ನು ಒಮ್ಮೆ ನೋಡಿದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಇವರು ಮಾತು ಮರ್ತಿದ್ರು. 'ನನ್ನ ಮಾತೇನು' ಅಂತ ತುಟೀಲೇ ಹೇಳ್ಕೊಂಡ್ರು. ನಂಗೆ ಕಾಣ್ತು, ನಕ್ಕೆ."

ಮುದುಕ ಕೆರಳಿ ಕೆಂಡವಾದ. "ನಾನು ಮಾತು ಮರೆಯೋದಾ? ಐವತ್ತು ವರ್ಷ ನಾಟಕ ಮಾಡಿದೀನಿ! ಅದು ವಿರಾಮ ಕಣಮ್ಮ, ವಿರಾಮ. ಬೇಕಂತಲೇ ತಗೊಂಡಿದ್ದು."

ಚಪ್ಪಾಳೆ ಬಿತ್ತು, ಬಳಗದವರದೂ ಸೇರಿ. ಎಂಜಿನಿಯರು ಮುಗುಳ್ನಕ್ಕ. "ನೋಡಿದ್ರಾ ಅಮ್ಮ, ಅಂದ್ರೆ ಆ ನಗು ತಪ್ಪೇ ಆಯ್ತಲ್ಲ?"

"ಆಗ್ಲಿ ಬಿಡಿ!" ಅಕ್ಕನ ದನಿ ಏರಿತು. ಯಂತ್ರಗಳ ಸದ್ದನ್ನು ಮೀರಿ ನಕ್ಕು ರೂಢಿಯಾದ ಗಂಟಲಿಗೆ ಮೈಕು ಬೇಕಿರಲಿಲ್ಲ. "ತಪ್ಪೇ ಅಂತ ಇಟ್ಕೊಳ್ಳಿ. ಎಲ್ಲರ ಜೊತೆ ನಕ್ಕವರ ನಗು ಎಲ್ಲಾ ಇಟ್ಕೊಂಡಿದೀರಿ. ಅದ್ರಲ್ಲಿ ಯಾರು ಯಾರು ಅಂತ ಅವರ ಹೆತ್ತಮ್ಮಂಗೂ ಗೊತ್ತಾಗಲ್ಲ. ಇದು ಒಬ್ಬಳ ನಗು ಅಂತ ಗೊತ್ತಾಗೋದು ಅದೊಂದೇ. ಅದನ್ನೇ ಹುಡ್ಕಿ ತೆಗೆದ್ರಾ? ಅದೂ ನನ್ನ ಕ್ಯಾಸೆಟ್ಟಿಂದ? ತಪ್ಪಾದ್ರೂ ನಂದು. ನಂದು ನಂಗೆ ಬೇಕು."

"ನೀವೇ ಅಂತ ಏನು ಗ್ಯಾರಂಟಿ?" ಮತ್ತೆ ಅದೇ ಹಿಂದಿನ ದನಿ. "ನಕ್ಕು ತೋರ್ಸಿ ನೋಡೋಣ."

ಅಕ್ಕ ಬಾಯಿ ತೆರೆದಳು. ಏನೂ ಬರಲಿಲ್ಲ. ಮತ್ತೆ ಪ್ರಯತ್ನಿಸಿದಳು. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ ಒಂದು ಸದ್ದು ಹೊರಟಿತು. ನಗು ಅಂದರೆ ನಲ್ಲಿಯೇ, ತಿರುಗಿಸಿದ ಕೂಡಲೇ ಸುರಿಯಲು? ಅಲ್ಲಲ್ಲಿ ಕಿಸಿಕಿಸಿ ಕೇಳಿಸಿತು. ಮೇಷ್ಟ್ರು ಎದ್ದರು. ಸಾಲು ದಾಟಿ ಬಾಗಿಲ ತನಕ ಹೋಗಿ ತಿರುಗಿ ನಿಂತರು.

"ಬರ್ತೀಯೋ ಇಲ್ವೋ?"

ಅಂದಿನ ಮೂರು ಹೆಜ್ಜೆಗಳು ಅಕ್ಕನ ಕಾಲಿಗೆ ನೆನಪಾದವು. ಮುಂದಿನ ಕುರ್ಚಿಯ ಬೆನ್ನು ಬಿಗಿಯಾಗಿ ಹಿಡಿದುಕೊಂಡಳು.

"ಇಲ್ಲ."

ಬಾಗಿಲು ಮುಚ್ಚಿತು. ಅಕ್ಕ ಕೂರಲಿಲ್ಲ. ಅಷ್ಟರಲ್ಲಿ ವೇದಿಕೆಯ ಮೇಲೆ ರಿಪೇರಿಯವನು ನೀರಿನ ಲೋಟಕ್ಕೆಂದು ಗೋಡೆಯ ಕಡೆ ತಿರುಗಿದ. ಸಭೆಗೆ ಕಾಣುತ್ತಿದ್ದದ್ದು ಅವನ ಹಿಂದಲೆ ಮತ್ತು ಒಂದು ಕಿವಿ. ಎಡತುದಿಯಲ್ಲಿ ನಿಂತ ಅಕ್ಕನಿಗೆ ಮುಖವೆಲ್ಲ ಕಾಣುತ್ತಿತ್ತು. ಮುದುಕನ ತುಟಿ ದನಿಯಿಲ್ಲದೆ ಅಲ್ಲಾಡಿತು.

"ಅಯ್ಯೋ ದೇವರೇ, ಇವಳಿಗೆ ಹೇಗೆ ಗೊತ್ತಾಯ್ತು?"

ಬಾಗಿಲು ಒದ್ದ ಹಾಗೆ ಒಂದು 'ಹಾ'. ಹಿಂದೆಯೇ ನಾಲ್ಕು. ಕೊನೆಗೆ ಉಸಿರು ಎಳೆದುಕೊಂಡಾಗ ಆ ಸಣ್ಣ ಕೀರಲು.

ಬಳಗದವರು ಆ ನಗುವನ್ನು ತಮ್ಮ ಮಕ್ಕಳ ದನಿಗಿಂತ ಚೆನ್ನಾಗಿ ಬಲ್ಲರು. ಡಾಕ್ಟರು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡರು. ಮೊದಲು ಬಾಯಿಬಿಟ್ಟವನು ಎಂಜಿನಿಯರು. ಮೈಕು ಕೆಳಗಿಟ್ಟಿದ್ದ.

"ಇದೇ. ಮೂರು ವಾರ ಕೂತು ಇದನ್ನೇ ಅಳಿಸಿದೀನಿ. ಆ ಕೊನೇ ಕೀರಲು ಹೋಗಕ್ಕೇ ಒಂದು ವಾರ ಹಿಡೀತು. ಕನಸಲ್ಲಿ ಕೇಳಿದ್ರೂ ಗುರುತು ಹಿಡೀತೀನಿ."

"ಈಗೇನು ಮಾಡ್ತೀರಿ?" ಎಂದಳು ಅಕ್ಕ.

ಉತ್ತರಕ್ಕೆ ಮುಂಚೆ ಬಳಗ ಎದ್ದು ನಿಂತಿತ್ತು. ಒಬ್ಬೊಬ್ಬರಾಗಿ ಅಲ್ಲ, ಒಟ್ಟಿಗೆ. "ವಾಪಸ್ ಹಾಕ್ಬೇಕು!" ಎಂದು ಡಾಕ್ಟರು ಕೂಗಿದರು. ತಡವಾಗಿಯಾದರೂ ಅವರಿಗೆ ಬೆನ್ನುಮೂಳೆ ಬಂದಿತ್ತು. "ಇಲ್ಲಾಂದ್ರೆ ನಮ್ಮ ಕ್ಯಾಸೆಟ್ ನಮಗೆ ಕೊಡಿ!"

"ಹಾಕ್ತೀನ್ರೀ, ಹಾಕ್ತೀನಿ" ಎಂದ ಎಂಜಿನಿಯರು. "ಮೂಲ ಹಾಗೇ ಇದೆ."

ಗದ್ದಲ ಅಡಗಿದ ಮೇಲೆ ಡಾಕ್ಟರು ಅಕ್ಕನ ಕಡೆ ಬಗ್ಗಿದರು. "ಅದಿರ್ಲಿ ಅಕ್ಕ, ಈಗ್ಯಾಕೆ ನಕ್ಕಿರಿ? ಅವರೇನಾದ್ರೂ ಅಂದ್ರಾ?"

ಮತ್ತೆ ಎಲ್ಲರೂ ತಿರುಗಿದರು. ವೇದಿಕೆಯ ಮೇಲೆ ಮುದುಕ ಲೋಟ ಹಿಡಿದು ಕಲ್ಲಾಗಿ ಕೂತಿದ್ದ. ಒಂದು ಮಾತು ಹೇಳಿದರೆ ಅಕ್ಕ ಗೆಲ್ಲುತ್ತಿದ್ದಳು, ಅವನ ಐವತ್ತು ವರ್ಷ ನೀರುಪಾಲಾಗುತ್ತಿತ್ತು. ಮಾನ ಹೋಗುವುದು ಎಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅಂದ್ರು" ಎಂದಳು. "ಪಾರ್ಟ್ ಬರ್ಬೇಕಂತೆ."

ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ರಿಪೇರಿಯವನು, ಕಣ್ಣಲ್ಲಿ ನೀರು ಬರುವಷ್ಟು. ಅಕ್ಕ ಐದೂ ಮಹಡಿ ಮೆಟ್ಟಿಲಲ್ಲೇ ಇಳಿದಳು. ಪ್ರತಿ ತಿರುವಿನಲ್ಲೂ ಯಾರಾದರೊಬ್ಬರು, "ಅಕ್ಕಾ, ಇನ್ನೊಂದ್ಸಲ" ಅನ್ನುತ್ತಿದ್ದರು.

ಮನೆಯಲ್ಲಿ ಮೇಷ್ಟ್ರು ಹನ್ನೆರಡು ದಿನ ಮಾತು ಬಿಟ್ಟರು. ಅಕ್ಕನಿಗೆ ಮಾತು ಬಿಟ್ಟವರ ಜೊತೆ ಬದುಕುವುದು ಗೊತ್ತಿತ್ತು. ಅವರ ತಟ್ಟೆಗೆ ಬಡಿಸಿ, ತನ್ನ ತಟ್ಟೆ ಹಿಡಿದು ಕೂತು, ಮೊಬೈಲಿನಲ್ಲಿ ಬರುತ್ತಿದ್ದ ಬಳಗದ ಸಂದೇಶಗಳನ್ನು ಓದಿ ಜೋರಾಗಿ ನಗುತ್ತಿದ್ದಳು. ಕೈ ಒಂದೆರಡು ಸಲ ಹಳೆಯ ಅಭ್ಯಾಸದಿಂದ ಬಾಯಿಯ ತನಕ ಬಂತು. ಅವಳೇ ಅದನ್ನು ಇಳಿಸಿದಳು.

ಹದಿಮೂರನೇ ದಿನ ಗುರುವಾರ. 'ಮೆಟ್ಟಿಲಲ್ಲೇ ಬನ್ನಿ' ಬಿಡುಗಡೆಯಾಯಿತು. ಸಂಜೆ ಸರಿಯಾಗಿ ಏಳಕ್ಕೆ ಎಲ್ಲರೂ ಅವರವರ ಮನೆಗಳಲ್ಲಿ ಹತ್ತೊಂಬತ್ತನೇ ಕಂತು ಹಾಕಬೇಕೆಂದು ಬಳಗದ ತೀರ್ಮಾನ. ಅಕ್ಕ ಬೀದಿಯ ಕಡೆಯ ಕಿಟಕಿಯ ಎರಡೂ ಬಾಗಿಲು ತೆರೆದಳು, ಸೌಂಡು ತುದಿಗೆ ಏರಿಸಿದಳು. ಎದುರುಮನೆಯಲ್ಲಿ, ಕೆಳಗಿನ ಅಂಗಡಿಯಲ್ಲಿ ಕೂಡ ಯಾರೋ ಅದನ್ನೇ ಹಾಕಿದ್ದರು. ಜಡ್ಜು, "ಏನ್ರೀ, ಏನಾಯ್ತು?" ಅಂದ. ಮೇಷ್ಟ್ರು ಕುರ್ಚಿಯಿಂದ ಎದ್ದು ಕಿಟಕಿಯ ಕಡೆ ಕೈ ಚಾಚಿದರು.

"ಮುಟ್ಬೇಡಿ" ಎಂದಳು ಅಕ್ಕ.

ಮೇಷ್ಟ್ರ ಕೈ ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಇಳಿಯಿತು. ಇಪ್ಪತ್ತನಾಲ್ಕು ವರ್ಷದ ಹೆಂಗಸೊಬ್ಬಳು ಬೀದಿಗೆಲ್ಲ ಕೇಳುವಂತೆ ನಕ್ಕಳು, ಐವತ್ತೆಂಟರವಳು ಅವಳ ಜೊತೆಗೆ ನಕ್ಕಳು, ಮೇಷ್ಟ್ರು ಕೂತು ಎರಡನ್ನೂ ಕೇಳಿದರು.